ಗುರುವಾರ ಬರುವವರು

ಶಶಿಕಲಾಳಿಗೆ ದೇವರಿಗಿಂತ ಪ್ರೂಫಿನ ಮೇಲೆ ನಂಬಿಕೆ ಹೆಚ್ಚು. ದೇವರು ಯಾವತ್ತೂ ಸೈನ್ ಹಾಕಿ ಕೊಟ್ಟವನಲ್ಲವಲ್ಲ.

ಈ ನಂಬಿಕೆ ಹುಟ್ಟಿದ್ದು ರಾಜಾಜಿನಗರದ ಒಂದು ಮದುವೆ ಕಾರ್ಡಿನ ಅಂಗಡಿಯಲ್ಲಿ. ಅಪ್ಪ ಮುನಿಯಣ್ಣ ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ವರ್ಷ ಅವಳು ಬಿ.ಕಾಂ. ಓದನ್ನು ಸಂಜೆ ಕಾಲೇಜಿಗೆ ಬದಲಾಯಿಸಿಕೊಂಡು, ಹಗಲು ಅಲ್ಲಿ ಟೈಪ್ ಮಾಡಲು ಸೇರಿದಳು. ಅಂಗಡಿಯ ಯಜಮಾನ ವೆಂಕಟರಮಣಪ್ಪ ಮೊದಲ ದಿನವೇ ಕಲಿಸಿದ ಪಾಠ ಒಂದೇ. ಅಚ್ಚಿಗೆ ಕಳಿಸುವ ಮುಂಚೆ ಒಂದು ಪ್ರತಿ ತೆಗೆದು ಮನೆಯ ಹಿರಿಯರ ಕೈಗೆ ಕೊಡಬೇಕು. ಅವರು ಓದಿ, ಕೆಳಗೆ ‘ಸರಿ ಇದೆ’ ಎಂದು ಬರೆದು ಸೈನ್ ಹಾಕಬೇಕು. ಹಾಕಿದ ಮೇಲೆ ಗಂಡಿನ ಹೆಸರೇ ಬದಲಾಗಿದ್ದರೂ ತಪ್ಪು ಅವರದು, ಅಂಗಡಿಯದಲ್ಲ.

ಒಮ್ಮೆ ವಿಜಯನಗರದವರ ಕಾರ್ಡಿನಲ್ಲಿ ಬೆಳಿಗ್ಗೆ ಎಂಟೂವರೆಯ ಮುಹೂರ್ತ ಸಂಜೆ ಎಂಟೂವರೆ ಎಂದು ಅಚ್ಚಾಯಿತು. ಹೆಣ್ಣಿನ ತಾತ ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. ವೆಂಕಟರಮಣಪ್ಪ ಫೈಲು ತೆಗೆದು ಅವರದೇ ಸೈನು ತೋರಿಸಿದರು. ಆ ಮುದುಕರು ಕನ್ನಡಕ ಹಾಕಿಕೊಂಡು ತಮ್ಮ ಅಕ್ಷರ ನೋಡಿಕೊಂಡು, ಬಂದ ದಾರಿಗೆ ಸುಂಕವಿಲ್ಲದವರ ಹಾಗೆ ಹೊರಟುಹೋದರು. ಟೈಪ್ ಮಾಡಿದ್ದವಳು ಶಶಿಕಲಾ. ಅವಳು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ಅವತ್ತು ಅವಳಿಗೆ ನಾಚಿಕೆಯೂ ಆಯಿತು, ಬದುಕಿದೆ ಅಂತಲೂ ಅನ್ನಿಸಿತು. ವರ್ಷಗಳು ಕಳೆದಂತೆ ನಾಚಿಕೆ ಮರೆತುಹೋಗಿ, ಬದುಕಿದ್ದು ಮಾತ್ರ ನೆನಪಿನಲ್ಲಿ ಉಳಿಯಿತು. ನಮ್ಮ ನೆನಪಿನ ಬುದ್ಧಿಯೇ ಅಂಥದ್ದು, ತನಗೆ ಅನುಕೂಲವಾದದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ.

ಮದುವೆ ಕಾರ್ಡುಗಳು ಮೊಬೈಲಿಗೆ ಹೋದ ಮೇಲೆ ಅಂಗಡಿ ಮುಚ್ಚಿತು. ಶಶಿಕಲಾ ಎದೆಗುಂದದೆ ವೆಬ್‌ಸೈಟ್ ಮಾಡುವುದನ್ನು ಕಲಿತಳು. ಈಗ ನಲವತ್ತನಾಲ್ಕರ ಹೆಂಗಸು. ಬಸವೇಶ್ವರನಗರದಲ್ಲಿ ಒಂದು ರಕ್ತಪರೀಕ್ಷೆ ಲ್ಯಾಬಿನ ಮೇಲಿರುವ, ಐದೇ ಜನರ ಆಫೀಸಿನಲ್ಲಿ ಎಲ್ಲರಿಗಿಂತ ಹಿರಿಯಳು. ಯಜಮಾನ ಯಶ್ವಂತ್ ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಅವಳನ್ನು ಅಕ್ಕ ಎನ್ನುತ್ತಾನೆ. ಸಣ್ಣ ವ್ಯಾಪಾರಿಗಳಿಗೆ ಸೈಟ್ ಮಾಡಿಕೊಡುವುದು, ಆಮೇಲೆ ಆ ಸೈಟಿಗೆ ಯಾರು ಬಂದರು, ಯಾವ ಊರಿನಿಂದ ಬಂದರು, ಯಾವ ಹೊತ್ತಿಗೆ ಬಂದು ಏನು ನೋಡಿ ಹೋದರು ಎಂದು ಪ್ರತಿ ಗುರುವಾರ ವರದಿ ಕಳಿಸುವುದು, ಇದು ಅಲ್ಲಿಯ ಕೆಲಸ. ಅಂಗಡಿ ಬಾಗಿಲಲ್ಲಿ ಕೂತು ಒಳಗೆ ಬಂದವರನ್ನೆಲ್ಲ ಬರೆದಿಟ್ಟುಕೊಂಡ ಹಾಗೆ ಇದನ್ನೆಲ್ಲ ಬರೆದಿಡುವುದಕ್ಕೆ ಅನಲಿಟಿಕ್ಸ್ ಎನ್ನುತ್ತಾರೆ.

ಪ್ರೂಫಿನ ಪದ್ಧತಿಯನ್ನು ಶಶಿಕಲಾ ಇಲ್ಲಿಗೂ ತಂದಿದ್ದಳು. ವೆಬ್‌ಸೈಟಿನ ಪುಟಗಳನ್ನೆಲ್ಲ ಕಾಗದದ ಮೇಲೆ ಪ್ರಿಂಟ್ ತೆಗೆದು, ಗ್ರಾಹಕರಿಂದ ‘ಸರಿ ಇದೆ’ ಬರೆಸಿಕೊಳ್ಳುತ್ತಿದ್ದಳು. ಆಫೀಸಿನ ಹುಡುಗರು ನಗುತ್ತಿದ್ದರು. ಅವಳು ನಗಲಿ ಬಿಡು ಎಂದುಕೊಂಡು ಫೈಲಿಗೆ ಪಂಚ್ ಮಾಡುತ್ತಿದ್ದಳು.

ಹಾಗೆ ಸೈನ್ ಹಾಕಿದವರಲ್ಲಿ ಹೆಗ್ಗನಹಳ್ಳಿಯ ಮರಿಯಪ್ಪನವರೂ ಒಬ್ಬರು. ಊರು ಊರಾಗಿದ್ದಾಗ ಅಲ್ಲಿ ಹೊಲವಿದ್ದ ಮನೆತನ. ಹೊಲ ಹೋಗಿ ಮನೆಗಳೆದ್ದ ಮೇಲೆ, ಉಳಿದ ಸ್ವಲ್ಪ ಜಾಗದಲ್ಲಿ ಶೆಡ್ ಹಾಕಿ ಮೂರು ಮರದ ಗಾಣ ಇಟ್ಟಿದ್ದರು. ಕಡಲೆಕಾಯಿ, ಎಳ್ಳು, ಕೊಬ್ಬರಿ ಎಣ್ಣೆ. ಮೂರು ವರ್ಷದ ಹಿಂದೆ, ಯುಗಾದಿ ಕಳೆದ ಬುಧವಾರ, ಶಶಿಕಲಾ ಅವರ ಒಂದು ವರ್ಷದ ಹಳೆಯ ಸೈಟ್ ತೆಗೆದು ಹೊಸದು ಹಾಕಿಕೊಟ್ಟಳು. ಫೋಟೋ ತೆಗೆದು ಬರೆದದ್ದೆಲ್ಲ ಮಗಳು ಸ್ಪಂದನ, ಆಗಿನ್ನೂ ಡಿಗ್ರಿ ಓದುತ್ತಿದ್ದಳು. ಮರಿಯಪ್ಪ ಪ್ರೂಫನ್ನು ಓದಲೇ ಇಲ್ಲ. ಮಗಳ ಹೆಸರು ಎಲ್ಲಿದೆ ಎಂದಷ್ಟೇ ನೋಡಿ, ದೊಡ್ಡ ಅಕ್ಷರದಲ್ಲಿ ‘ಸರಿ ಇದೆ, ಹೆಚ್. ಮರಿಯಪ್ಪ’ ಎಂದು ಬರೆದರು.

ಆದರೆ ಮೊದಲಿನಷ್ಟು ಜನ ಬರಲಿಲ್ಲ. ‘ಹೊಸ ಡಿಸೈನ್ ಸಾರ್, ಟೈಮ್ ಬೇಕು’ ಎಂದು ಶಶಿಕಲಾ ಪ್ರತಿ ತಿಂಗಳೂ ಹೇಳಿದಳು. ಎಂಟು ತಿಂಗಳಾದ ಮೇಲೆ ಮರಿಯಪ್ಪ ಆಫೀಸಿಗೆ ಬಂದು, ಇನ್ನು ಮುಂದುವರಿಸುವುದಿಲ್ಲ ಎಂದರು. ಜಗಳವಾಡಲಿಲ್ಲ. “ನಿಂದೇನೂ ತಪ್ಪಿಲ್ಲ ಕಣಮ್ಮ. ನಮ್ಮೆಣ್ಣೆನೇ ದುಬಾರಿ” ಎಂದು ಒಂದು ಬಾಟಲಿ ಕಡಲೆಕಾಯಿ ಎಣ್ಣೆಯನ್ನು ಅವಳ ಮೇಜಿನ ಮೇಲಿಟ್ಟು ಹೋದರು. ಸೈಟಿನ ಪಾಸ್‌ವರ್ಡನ್ನು ಸ್ಪಂದನಳಿಗೆ ಕಳಿಸಿದ್ದಾಯಿತು. ಅನಲಿಟಿಕ್ಸಿನಲ್ಲಿ ಶಶಿಕಲಾಳ ಹೆಸರು ಹಾಗೇ ಉಳಿಯಿತು. ಯಾರೂ ಅದನ್ನು ತೆಗೆಯುವುದಿಲ್ಲ, ತೆಗೆಯಬೇಕೆಂದು ಹೋದವರಿಗೂ ಗೊತ್ತಿರುವುದಿಲ್ಲ.

ಅವಳು ನೋಡಲು ಶುರು ಮಾಡಿದ್ದು ಸೇಡಿಗೆ. ನಮ್ಮನ್ನು ಬಿಟ್ಟರಲ್ಲ, ಈಗೇನು ಸಾಧಿಸಿದ್ದಾರೆ ನೋಡೋಣ ಎಂದು. ಗುರುವಾರ ಸಂಜೆ ವರದಿಗಳೆಲ್ಲ ಹೋದ ಮೇಲೆ, ನಾಲ್ಕೂವರೆಯ ಟೀ ಹಿಡಿದುಕೊಂಡು, ಆ ವಾರ ಅವರ ಸೈಟಿಗೆ ಎಷ್ಟು ಜನ ಬಂದರು ಎಂದು ನೋಡುತ್ತಿದ್ದಳು. ಏಳು, ಎಂಟು. ಆಮೇಲೆ ಸೈಟನ್ನೇ ತೆರೆದು, ಏನಾದರೂ ಬದಲಾಯಿಸಿದ್ದಾರೋ ಎಂದು ಎಣ್ಣೆಯ ಪುಟ, ಫೋಟೋಗಳ ಪುಟ, ಕೊನೆಗೆ ವಿಳಾಸದ ಪುಟ ತಿರುವಿಹಾಕುತ್ತಿದ್ದಳು. ನಮ್ಮ ಕೈ ಬಿಟ್ಟ ಮೇಲೂ ಏಳಿಗೆ ಆಗಿಲ್ಲ ಎಂದು ಹೊಟ್ಟೆ ತಣ್ಣಗಾಗುತ್ತಿತ್ತು. ಎರಡು ವರ್ಷ ನಡೆದ ಈ ಕೆಲಸಕ್ಕೆ ಅವಳು ತನ್ನೊಳಗೆ ಇಟ್ಟುಕೊಂಡ ಹೆಸರು ಕಾಳಜಿ. ಇಷ್ಟು ಕಾಳಜಿಯವಳು ಆ ಎರಡು ವರ್ಷದಲ್ಲಿ ಅವರಿಂದ ಒಂದು ಬಾಟಲಿ ಎಣ್ಣೆ ಕೊಂಡಿರಲಿಲ್ಲ. ಅತ್ತೆ ಯಶೋದಮ್ಮ, “ಆವತ್ತಿನ್ ಎಣ್ಣೆ ಎಷ್ಟ್ ಚೆನ್ನಾಗಿತ್ತು ಕಣೇ, ಇನ್ನೊಂದ್ ತರಬಾರ್ದಾ?” ಎಂದಾಗಲೆಲ್ಲ, “ಅವ್ರು ಮುಚ್ಚಿರ್ಬೇಕು ಬಿಡಿ ಅತ್ತೆ” ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಸೋಮವಾರ ಯಶ್ವಂತ್ ಅವಳ ಮೇಜಿನ ಹತ್ತಿರ ಬಂದು ನಿಂತ. ದೊಡ್ಡ ವಿಮಾ ಕಂಪನಿಯೊಂದರ ಕೆಲಸ ಸಿಗುವುದರಲ್ಲಿತ್ತು. ಅವರು ಕಳಿಸಿದ ನಲವತ್ತು ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ನಿಮ್ಮನ್ನು ಬಿಟ್ಟುಹೋದ ಗ್ರಾಹಕರ ಅನಲಿಟಿಕ್ಸನ್ನು ನಿಮ್ಮ ಸಿಬ್ಬಂದಿ ಈಗಲೂ ನೋಡಬಲ್ಲರೇ?

“ಇಲ್ಲ ಅಂತ ಹಾಕಿ ಕಳ್ಸ್‌ಬಿಟ್ಟಿದೀನಿ ಅಕ್ಕ” ಎಂದ ಯಶ್ವಂತ್. “ನಾಳೆ ಸಂಜೆಯೊಳ್ಗೆ ಅದನ್ನ ನಿಜ ಮಾಡ್ಬಿಡಿ.”

ಇಪ್ಪತ್ತಾರು ಹಳೆಯ ಗ್ರಾಹಕರು ಸಿಕ್ಕರು. ಶಶಿಕಲಾ ಒಂದೊಂದಾಗಿ ತೆರೆದು, ಬಳಕೆದಾರರ ಪಟ್ಟಿಯಲ್ಲಿ ತನ್ನ ಹೆಸರು ಹುಡುಕಿ ಅಳಿಸುತ್ತಾ ಹೋದಳು. ಕೆಂಗೇರಿಯ ದಂತವೈದ್ಯರು, ಶ್ರೀಗಂಧದ ಕಾವಲಿನ ಪ್ಲೇಸ್ಕೂಲು, ಮುಚ್ಚಿಹೋಗಿದ್ದ ಒಂದು ಜಿಮ್ಮು. ಮಂಗಳವಾರ ಮಧ್ಯಾಹ್ನ ಕೊನೆಗೆ ಉಳಿದದ್ದು ಮರಿಯಪ್ಪನವರ ಗಾಣ. ಇನ್ನು ಇದನ್ನು ನೋಡುವ ಹಾಗಿಲ್ಲವಲ್ಲ, ಕೊನೆಯ ಸಲ ನೋಡಿಬಿಡೋಣ ಎಂಬ ಆಸೆಗೆ ಬಿದ್ದು, ಇಷ್ಟು ದಿನ ಬರೀ ವಾರದ ಲೆಕ್ಕ ನೋಡುತ್ತಿದ್ದವಳು ಅವತ್ತು ನಾಲ್ಕು ವರ್ಷದ್ದನ್ನು ಒಟ್ಟಿಗೆ ತೆರೆದಳು.

ಬಂದವರ ಲೆಕ್ಕದ ಗೆರೆ, ಹಳೆಯ ಸೈಟಿದ್ದ ಮೊದಲ ವರ್ಷವೆಲ್ಲ ಎತ್ತರದಲ್ಲೇ ಇತ್ತು. ತಿಂಗಳಿಗೆ ಒಂಬೈನೂರು, ಸಾವಿರ ಜನ. ಒಂದು ದಿನ ಇದ್ದಕ್ಕಿದ್ದ ಹಾಗೆ ಕೆಳಕ್ಕೆ ಇಳಿಯಲು ತೊಡಗಿ, ಎರಡು ವಾರದಲ್ಲಿ ನೆಲ ಕಚ್ಚಿತ್ತು. ಆಮೇಲೆ ಏಳಲೇ ಇಲ್ಲ. ಆ ದಿನ ಯಾವುದೆಂದು ನೋಡಿದಳು. ಯುಗಾದಿ ಕಳೆದ ಬುಧವಾರ.

ಅವಳೇ ಹೊಸ ಸೈಟ್ ಹಾಕಿದ ದಿನ. ಸೈಟ್ ಕಟ್ಟುವಾಗ, ಅರ್ಧಂಬರ್ಧ ಪುಟಗಳು ಜನರ ಕಣ್ಣಿಗೆ ಬೀಳದಿರಲೆಂದು, ‘ಗೂಗಲ್‌ನಲ್ಲಿ ಹುಡುಕುವವರಿಗೆ ಇದನ್ನು ತೋರಿಸಬೇಡ’ ಎಂಬ ಒಂದು ಚೌಕಕ್ಕೆ ಟಿಕ್ ಹಾಕಿಡುತ್ತಾರೆ. ಕೆಲಸ ಮುಗಿದ ದಿನ ಟಿಕ್ ತೆಗೆಯಬೇಕು. ಅವಳು ಸೈಟಿನ ಪುಟದ ಹಿಂದಿರುವ, ಯಾರು ಬೇಕಾದರೂ ನೋಡಬಹುದಾದ ಬರಹವನ್ನು ತೆರೆದಳು. ತೋರಿಸಬೇಡ ಎಂಬ ಆ ಆಜ್ಞೆ ಅಲ್ಲೇ ಇತ್ತು. ಮೂರು ವರ್ಷದಿಂದ ಬೆಂಗಳೂರಿನಲ್ಲಿ ಗಾಣದ ಎಣ್ಣೆ ಹುಡುಕಿದ ಯಾರಿಗೂ ಮರಿಯಪ್ಪನವರು ಕಂಡಿರಲಿಲ್ಲ. ಕಾಣದ ಹಾಗೆ ಮಾಡಿದವಳು ಇವಳು. ಕಾಗದದ ಪ್ರೂಫಿನಲ್ಲಿ ಚೌಕದ ಟಿಕ್ ಎಲ್ಲಿ ಕಾಣುತ್ತದೆ? ಅದಕ್ಕೂ ಸೇರಿಸಿ ಆ ಮನುಷ್ಯನ ಕೈಯಲ್ಲಿ ‘ಸರಿ ಇದೆ’ ಬರೆಸಿಕೊಂಡಿದ್ದಳು.

ಹಾಗಾದರೆ ವಾರಕ್ಕೆ ಬರುವ ಈ ಎಂಟು ಜನ ಯಾರು? ದಿನದ ಲೆಕ್ಕ ತೆಗೆದಳು. ಪ್ರತಿದಿನ ಬೆಳಿಗ್ಗೆ ಆರೂ ನಲವತ್ತಕ್ಕೆ ಒಬ್ಬರು, ಒಂದೇ ಫೋನಿನಿಂದ. ಅದು ಮರಿಯಪ್ಪನವರೇ ಇರಬೇಕು. ಅಂಗಡಿ ಬಾಗಿಲು ತೆಗೆದು ನೀರು ಹಾಕುವ ಹಾಗೆ ಸೈಟನ್ನೂ ದಿನಾ ತೆಗೆದು ನೋಡುತ್ತಿದ್ದಾರೆ. ಗುರುವಾರ ಮಾತ್ರ ಇನ್ನೊಬ್ಬರು. ಸದ್ಯ, ಒಬ್ಬರಾದರೂ ಗಿರಾಕಿ ಇದ್ದಾರಲ್ಲ ಎಂದು ಅವಳಿಗೆ ಅಷ್ಟರಲ್ಲೇ ಒಂದು ಸಮಾಧಾನ. ಭಯಕ್ಕೆ ಬಿದ್ದವರ ತಲೆ ಎಷ್ಟು ಮಂದವಾಗುತ್ತದೆ ನೋಡಿ.

ಯಶ್ವಂತನಿಗೆ ಹೇಳಿದಳು. ಅವನು ಬಾಗಿಲು ಹಾಕಿ ಕೂತ.

“ಪ್ರೂಫ್‌ಗೆ ಸೈನ್ ಇದೆ ತಾನೆ ಅಕ್ಕ?”

“ಇದೆ.”

“ಮತ್ತೆ ಬಿಡಿ. ಈಗ ಹೋಗಿ ಹೇಳಿದ್ರೆ, ಎರಡು ವರ್ಷದಿಂದ ಕದ್ದು ನೋಡ್ತಿದ್ವಿ ಅಂತ ನಾವೇ ಒಪ್ಕೊಂಡಂಗಾಗುತ್ತೆ. ಫಾರಮ್‌ನಲ್ಲಿ ಬೇರೆ ಇಲ್ಲ ಅಂತ ಕೊಟ್ಟಿದೀವಿ. ಹೆಸ್ರು ತೆಗ್ದು ಕೈ ತೊಳ್ಕೊಳಿ.”

ಐದು ಗಂಟೆಗೆ ಅವಳು ತನ್ನ ಹೆಸರನ್ನು ಅಳಿಸಿದಳು. ಪುಟ ಮುಚ್ಚಿಕೊಂಡಿತು. ಕೈ ತೊಳೆದ ಹಾಗೇನೂ ಅನ್ನಿಸಲಿಲ್ಲ. ಮನೆಗೆ ಹೋಗಿ ಒಗ್ಗರಣೆಗೆ ಇಟ್ಟ ಎಣ್ಣೆ ಹೊಗೆಯಾಡುವವರೆಗೂ ಸುಮ್ಮನೆ ನಿಂತಿದ್ದಳು. ಯಶೋದಮ್ಮ ಬಂದು ಒಲೆ ಆರಿಸಿದರು. ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಕೂತ ಆ ಇಪ್ಪತ್ತರ ಹುಡುಗಿ ಅಷ್ಟು ವರ್ಷದ ಮೇಲೆ ನೆನಪಾದಳು.

ಬುಧವಾರ ಅರ್ಧ ದಿನ ರಜೆ ಹಾಕಿ, ಪ್ರೂಫಿನ ಫೈಲನ್ನು ಸ್ಕೂಟರಿನ ಸೀಟಿನ ಕೆಳಗಿಟ್ಟುಕೊಂಡು ಮಾಗಡಿ ರಸ್ತೆ ಹಿಡಿದಳು. ಸುಂಕದಕಟ್ಟೆಯ ಹತ್ತಿರ ಎರಡು ಸಲ ವಾಪಸ್ ತಿರುಗೋಣ ಅನ್ನಿಸಿತು. ಫೈಲನ್ನು ಯಾಕೆ ತಂದೆ ಎಂದು ತನ್ನನ್ನೇ ಕೇಳಿಕೊಂಡಳು. ತಪ್ಪು ಒಪ್ಪಿಕೊಳ್ಳಲು ಹೊರಟವರಿಗೆ ಸೈನಿನ ಕಾಗದ ಯಾಕೆ ಬೇಕು? ಉತ್ತರ ಗೊತ್ತಿತ್ತು, ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ಶೆಡ್ಡಿನಲ್ಲಿ ಒಂದೇ ಗಾಣವಿತ್ತು. ಉಳಿದೆರಡರ ಜಾಗದಲ್ಲಿ ನೆಲದ ಮೇಲೆ ದುಂಡಗಿನ ಎಣ್ಣೆ ಕಲೆ. ಇದ್ದ ಗಾಣವೂ ನಿಂತಿತ್ತು. ಮರಿಯಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಡಲೆಬೀಜದಲ್ಲಿ ಕಲ್ಲು ಆರಿಸುತ್ತಿದ್ದರು. ಅವಳನ್ನು ಕಂಡದ್ದೇ ಎದ್ದು ನಿಂತರು.

“ಓ, ಶಶಿ! ಬಾಮ್ಮ ಬಾ. ಸ್ಪಂದನಾ, ಯಾರ್ ಬಂದವ್ರೆ ನೋಡು, ಒಂದು ಲೋಟ ಮಜ್ಜಿಗೆ ತಾ.”

ಸ್ಪಂದನ ಮಜ್ಜಿಗೆ ತಂದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ, ಕತ್ತಿನಲ್ಲಿ ಯಾವುದೋ ಮೊಬೈಲ್ ಶೋರೂಮಿನ ಗುರುತಿನ ಚೀಟಿ. ಕೆಲಸಕ್ಕೆ ಹೊರಟವಳು ಬಾಗಿಲಿಗೆ ಒರಗಿ ನಿಂತಳು. ಅಪ್ಪ ಮಗಳ ಮುಖ ನೋಡಲಿಲ್ಲ, ಮಗಳು ಅಪ್ಪನ ಮುಖ ನೋಡಲಿಲ್ಲ.

“ಎರಡು ಗಾಣ ಮಾರ್ಬುಟ್ಟೆ” ಎಂದರು ಮರಿಯಪ್ಪ, ಅವಳು ಕೇಳುವ ಮುಂಚೆಯೇ. “ಇದನ್ನೂ ಕೇಳ್ತಾವ್ರೆ. ನಾನೇ ತಡೀರಿ ಅಂದಿವ್ನಿ. ಒಬ್ರು ಇನ್ನೂ ಬರ್ತಾವ್ರೆ ನೋಡು, ಅವ್ರಿಗೋಸ್ಕರ.”

“ಯಾರು ಸಾರ್?”

ಅವರು ಜೇಬಿನಿಂದ ಫೋನು ತೆಗೆದು, ಮುಖದಿಂದ ದೂರ ಹಿಡಿದು ಬೆರಳಾಡಿಸಿದರು. “ಇದ್ರಲ್ಲಿ ಎಷ್ಟ್ ಜನ ಅಂತ ತೋರ್ಸುತ್ತಲ್ಲ, ಇವ್ಳೇ ಹಾಕ್ಕೊಟ್ಟಿದ್ದು. ದಿನಾ ನಾನೊಬ್ನೇ. ಗುರ್ವಾರ ಮಾತ್ರ ಎರಡು. ನಾಲ್ಕೂವರೆ ಆಗ್ಲೇಬೇಕು, ಬಂದೇ ಬರ್ತಾರೆ. ಮೊದ್ಲು ಎಣ್ಣೆ ನೋಡ್ತಾರೆ, ಆಮೇಲೆ ಇವ್ಳ್ ತೆಗ್ದಿರೋ ಫೋಟೋ, ಕೊನೆಗೆ ಅಡ್ರೆಸ್ಸು. ಎರಡು ವರ್ಷದಿಂದ ಒಂದ್ ವಾರಾನೂ ತಪ್ಸಿಲ್ಲ. ಯಾರೋ ಪಾಪ, ತಗೋಬೇಕು ಅಂತ ಆಸೆ ಇದೆ, ಕೈ ಬರ್ತಿಲ್ಲ. ಇವತ್ತಲ್ಲ ನಾಳೆ ಬರ್ತಾರೆ ಅಂತ ಗುರ್ವಾರ ಸಂಜೆ ನಾನು ಎಲ್ಲೂ ಹೋಗಲ್ಲ.”

ಶಶಿಕಲಾ ಕೈಯಲ್ಲಿದ್ದ ಮಜ್ಜಿಗೆ ಲೋಟವನ್ನು ಕೆಳಗಿಟ್ಟಳು. ಎಣ್ಣೆ, ಫೋಟೋ, ವಿಳಾಸ. ನಾವು ನೋಡಿದ್ದು ಲೆಕ್ಕಕ್ಕೆ ಸೇರಬಾರದು ಎಂದು ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ಹೇಳಿಕೊಡುವವಳು ಅವಳೇ. ಬಿಟ್ಟುಹೋದವರ ವಿಷಯದಲ್ಲಿ ಆ ಎಚ್ಚರ ಯಾರಿಗೆ ಇರುತ್ತದೆ? ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

“ಅದು ನಾನೇ ಸಾರ್” ಎಂದಳು.

ಅವರಿಗೆ ಅರ್ಥವಾಗಲಿಲ್ಲ, ನಕ್ಕರು. ಅವಳು ಮೊದಲಿಂದ ಹೇಳಿದಳು. ಟಿಕ್ ಹಾಕಿದ್ದು, ತೆಗೆಯದೇ ಹೋದದ್ದು, ಗೆರೆ ಬಿದ್ದ ಬುಧವಾರ, ಟೈಮ್ ಬೇಕು ಸಾರ್ ಎಂದು ತಾನು ಹೇಳುತ್ತಾ ಹೋದದ್ದು, ಬಿಟ್ಟುಹೋದ ಮೇಲೂ ಅವರು ಏಳಿಗೆಯಾಗಲಿಲ್ಲ ಎಂದು ನೋಡಿ ಖುಷಿ ಪಟ್ಟದ್ದು. ಕೊನೆಯದನ್ನು ಹೇಳಬೇಕಾಗಿರಲಿಲ್ಲ. ಆದರೆ ಅದನ್ನು ಒಳಗೇ ಇಟ್ಟುಕೊಂಡರೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ ಅನ್ನಿಸಿತು. ಸೀಟಿನ ಕೆಳಗಿದ್ದ ಫೈಲನ್ನು ತಂದು ಅವರ ಮುಂದೆ ಇಟ್ಟಳು.

ಮರಿಯಪ್ಪ ಪ್ರೂಫಿನ ಹಾಳೆಯನ್ನು ಬಹಳ ಹೊತ್ತು ನೋಡಿದರು. “ನಾನೇ ಸೈನ್ ಹಾಕಿವ್ನಲ್ಲಮ್ಮ” ಎಂದರು. “ಓದ್ಬೇಕಿತ್ತು ನಾನು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಶಶಿಕಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅಪ್ಪ, ಓದಿದ್ರೂ ಕಾಣ್ತಿರ್ಲಿಲ್ಲ” ಎಂದಳು ಸ್ಪಂದನ. ಅಷ್ಟು ಹೊತ್ತಿಗೆ ಅವಳು ತನ್ನ ಫೋನಿನಲ್ಲಿ ಸೈಟಿನ ಒಳಗೆ ಹೋಗಿದ್ದಳು. “ಎಲ್ಲಿದೆ ತೋರ್ಸಿ ಆಂಟಿ.” ಶಶಿಕಲಾ ಬೆರಳಿಟ್ಟು ತೋರಿಸಿದಳು. ಸ್ಪಂದನ ಒತ್ತಿದಳು, ಟಿಕ್ ಹೋಯಿತು. ಲೋಟದ ಮಜ್ಜಿಗೆ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

“ಇಷ್ಟೇನಾ?” ಎಂದಳು ಸ್ಪಂದನ. “ಅಪ್ಪ ನಂಗೆ ಏನಂದ್ರು ಗೊತ್ತಾ ಆಂಟಿ? ನಿನ್ ಫೋಟೋ ನೋಡಿ ಯಾರೇ ಬರ್ತಾರೆ, ಇದ್ ಜನಾನೂ ಹೋದ್ರು ಅಂದ್ರು. ಆವತ್ತಿಂದ ನಾನು ಒಂದು ಫೋಟೋ ತೆಗ್ದಿಲ್ಲ. ಮಾತೂ ಅಷ್ಟಕ್ಕಷ್ಟೆ. ತಪ್ಪು ಮಾಡಿದ್ದು ಬಿಡಿ, ಎಲ್ರೂ ಮಾಡ್ತಾರೆ. ಎರಡು ವರ್ಷ ಪ್ರತಿ ವಾರ ನೋಡ್ತಿದ್ರಲ್ಲ, ಒಂದೇ ಒಂದು ಫೋನ್ ಮಾಡ್ಬೇಕು ಅನ್ನಿಸ್ಲಿಲ್ವಾ?”

ಶಶಿಕಲಾಳಿಗೆ ಅನ್ನಿಸಿರಲಿಲ್ಲ, ಅದೇ ನಿಜ.

ಸ್ಪಂದನ ಬ್ಯಾಗಿನಿಂದ ಪೆನ್ನು ತೆಗೆದು ಪ್ರೂಫಿನ ಪಕ್ಕ ಇಟ್ಟಳು. “ಅಪ್ಪನ ಸೈನ್ ಇದೆಯಲ್ಲ. ಅದ್ರ ಕೆಳ್ಗೆ ನೀವೂ ಬರ್ದು ಸೈನ್ ಹಾಕಿ.”

“ಏ, ಬಿಡೇ, ದೊಡ್ಡೋರ ಹತ್ರ...” ಎಂದರು ಮರಿಯಪ್ಪ.

“ಇಲ್ಲ ಸಾರ್, ಅವ್ಳು ಕೇಳ್ತಿರೋದು ಸರಿ” ಎಂದು ಶಶಿಕಲಾ ಪೆನ್ನು ತೆಗೆದುಕೊಂಡಳು. ಸಾವಿರಾರು ಜನರ ಹೆಸರು, ಮುಹೂರ್ತ, ವಂಶಾವಳಿ ಟೈಪ್ ಮಾಡಿದ ಕೈಗೆ ನಾಲ್ಕು ಪದ ಬರೆಯಲು ಕಷ್ಟವಾಯಿತು. ‘ಸರಿ ಇದೆ’ ಎಂಬುದರ ಕೆಳಗೆ ‘ಸರಿ ಇರಲಿಲ್ಲ. ತಪ್ಪು ನನ್ನದು’ ಎಂದು ಬರೆದು, ಹೆಸರು, ತಾರೀಕು ಹಾಕಿದಳು. ಸ್ಪಂದನ ಅದನ್ನು ಓದಿ, ಮಡಚದೆ, ಅಪ್ಪನ ಕೈಗೆ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಶಶಿಕಲಾಳಿಗೆ ಹೋಗಿಬರುತ್ತೇನೆ ಎನ್ನಲಿಲ್ಲ. ಅಪ್ಪನಿಗೆ ಮಾತ್ರ ಬಾಗಿಲಲ್ಲಿ ನಿಂತು, “ಸಂಜೆ ಬೇಗ ಬರ್ತೀನಿ” ಎಂದಳು. ಮರಿಯಪ್ಪ ಆ ಹಾಳೆ ಹಿಡಿದುಕೊಂಡೇ ಮಗಳು ಹೋದ ದಾರಿಯನ್ನು ನೋಡುತ್ತಿದ್ದರು.

ಅವತ್ತೇ ಆಫೀಸಿನಲ್ಲಿ ಯಶ್ವಂತನಿಗೂ ಹೇಳಿದಳು. ಅವನು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಹೆಗ್ಗನಹಳ್ಳಿಗೆ ಹೋಗಿಬಂದ ಮಾರನೆಯ ದಿನ ಗುರುವಾರ. ವರದಿಗಳೆಲ್ಲ ಹೋದವು. ನಾಲ್ಕೂವರೆಗೆ ಟೀ ಬಂತು. ಅಭ್ಯಾಸಬಲದಿಂದ ಕೈ ತಾನಾಗಿ ಹೋಯಿತು. ಅನಲಿಟಿಕ್ಸ್ ಇನ್ನು ತೆರೆಯುವ ಹಾಗಿಲ್ಲ. ಸೈಟಾದರೂ ತೆರೆಯಬಹುದಿತ್ತು, ಅದು ಎಲ್ಲರಿಗೂ ತೆರೆದದ್ದೇ. ಆದರೆ ತೆರೆದರೆ ಹೆಗ್ಗನಹಳ್ಳಿಯಲ್ಲಿ ಒಂದು ಎರಡಾಗುತ್ತದೆ. ಆ ಮನುಷ್ಯನಿಗೆ ಇನ್ನೊಂದು ಸುಳ್ಳು ಗಿರಾಕಿಯನ್ನು ಕೊಡಬಾರದೆಂದು ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗೂಗಲ್ ಮತ್ತೆ ಅವರನ್ನು ಕಂಡುಹಿಡಿಯಲು ವಾರಗಳೇ ಬೇಕು.

ಐದೂ ಕಾಲಿಗೆ ಫೋನು ಬಂತು. ಮರಿಯಪ್ಪ.

“ಶಶಿ, ನಾನ್ ಕಣಮ್ಮ. ಈಗ ನೋಡ್ದೆ. ಇವತ್ತು ನಾನೊಬ್ನೇ ಇವ್ನಿ.” ಹಿಂದೆ ಯಾರದೋ ದನಿ, ಸ್ಪಂದನಳದಿರಬೇಕು, ಅಪ್ಪ ಇಡಿ ಫೋನು ಎನ್ನುತ್ತಿತ್ತು. ಅವರು ಇಡಲಿಲ್ಲ. “ಗುರ್ವಾರ ಅಲ್ವಾ? ನೀನ್ ಬರ್ಲಿಲ್ಲ. ಹುಷಾರಿಲ್ವೇನೋ ಅಂತ ಮಾಡ್ದೆ.”

ಶಶಿಕಲಾ ಎದ್ದು, ಯಾರೂ ಕಾಣದ ಮೆಟ್ಟಿಲಿನ ಕಡೆಗೆ ಹೋದಳು. ಕೆಳಗೆ ಲ್ಯಾಬಿನ ಮುಂದೆ ಜನ ಚೀಟಿ ಹಿಡಿದು ನಿಂತಿದ್ದರು.

“ಹುಷಾರಾಗಿದೀನಿ ಸಾರ್” ಎಂದಳು.